ಯುರೋಪ್ ಮಾನವ ಹಕ್ಕಿನ ಮಾತಾಡಿದಾಗ ಆ ಸುದ್ದಿ ಓದುವುದು ಹೇಗೆ

ಕಲಬುರಗಿಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಭಾನುವಾರ ಬೆಳಿಗ್ಗೆ ಒಂದು ಕಡೆ ಕೂತು ಪೇಪರ್ ಓದುತ್ತೇವೆ. ಬರುವವರಲ್ಲಿ ಜಾಸ್ತಿ ಜನ ಕೆಎಎಸ್, ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು. ಸೇಡಂ, ಚಿತ್ತಾಪುರ, ಶಹಾಪುರ, ಹುಮನಾಬಾದ್ ಕಡೆಯಿಂದ ಬಂದು ಇಲ್ಲಿ ರೂಮ್ ಮಾಡಿಕೊಂಡವರು. ಒಂದು ಸಲ ಕಾಂಬೋಡಿಯಾದ ವಿಷಯ ಬಂತು. ಅಲ್ಲಿನ ಸರ್ಕಾರ ವಿರೋಧ ಪಕ್ಷದ ನಾಯಕನನ್ನು ಬಂಧಿಸಿತು, ಆಮೇಲೆ 2017ರ ನವೆಂಬರ್‌ನಲ್ಲಿ ಆ ಪಕ್ಷವನ್ನೇ ಮುಚ್ಚಿಸಲಾಯಿತು. ಇದಕ್ಕೆ ಉತ್ತರವಾಗಿ ಐರೋಪ್ಯ ಒಕ್ಕೂಟ 2020ರಲ್ಲಿ ಆ ದೇಶದ ಕೆಲವು ಬಟ್ಟೆ, ಚಪ್ಪಲಿ ಮತ್ತು ಎಲ್ಲಾ ಸಕ್ಕರೆಯ ಮೇಲಿನ ಸುಂಕದ ರಿಯಾಯಿತಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ಒಳ್ಳೇದೇ ಮಾಡಿದರು ಅಂತ ನಾನೇ ಮೊದಲು ಹೇಳಿದೆ. ಆಗ ಸೇಡಂ ಕಡೆಯ ಒಬ್ಬ ಹುಡುಗಿ ಕೇಳಿದಳು: "ಸರ, ನಮ್ಮಕ್ಕ ಬೆಂಗಳೂರಾಗ ಗಾರ್ಮೆಂಟ್ಸ್‌ದಾಗ ಹೊಲೀತಾಳ್ರಿ. ಅಲ್ಲಿನೂ ಆಕಿಯಂಥವ್ರೇ ಇರ್ತಾರಲ್ರಿ. ಪಕ್ಷ ಮುಚ್ಚಿಸಿದ್ದು ಸರ್ಕಾರ, ಕೆಲಸ ಹೋಗೋದು ಯಾರ್ದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಯಿಂದಲೇ ನಾವು ಇಂಥ ಸುದ್ದಿ ಓದುವ ರೀತಿ ಬದಲಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪರೀಕ್ಷೆಗೆ ಓದುವವರಿಗೆ ಉಪಯೋಗ ಆಗುತ್ತದೆ, ಸಂಘ ಸಂಸ್ಥೆ ನಡೆಸುವವರಿಗೂ ಆಗುತ್ತದೆ.

ಬೇಕಾಗಿರುವುದು ಒಂದು ನೋಟ್‌ಬುಕ್ ಅಷ್ಟೇ. ಪುಟವನ್ನು ಅಡ್ಡ ಇಟ್ಟುಕೊಂಡು ನಾಲ್ಕು ಕಾಲಂ ಎಳೆಯಿರಿ. ಯಾರು ಹೇಳಿದ್ದು, ಅವರ ಕೈಯಲ್ಲಿ ಏನಿದೆ, ಪೆಟ್ಟು ಯಾರ ಮನೆಗೆ ಬಿತ್ತು, ಆಮೇಲೆ ಏನಾಯ್ತು. ಒಂದು ಸುದ್ದಿಗೆ ಒಂದು ಸಾಲು. ನಾಲ್ಕನೇ ಕಾಲಂ ಅವತ್ತೇ ತುಂಬುವುದಿಲ್ಲ. ವರ್ಷಗಟ್ಟಲೆ ಕಾಯಬೇಕಾಗುತ್ತದೆ, ಅದಕ್ಕೆ ಜಾಗ ಜಾಸ್ತಿ ಬಿಡಿ.

ಮಾತಾಡಿದ್ದು ಯಾರು

"ಯುರೋಪ್ ಖಂಡಿಸಿದೆ" ಅಂತ ಟಿವಿಯಲ್ಲಿ ಬಂದರೆ ಅಲ್ಲೇ ನಿಲ್ಲಿ. ಯುರೋಪ್ ಅನ್ನುವ ಒಬ್ಬ ಮನುಷ್ಯ ಇಲ್ಲ. ಐರೋಪ್ಯ ಒಕ್ಕೂಟದಲ್ಲಿ 27 ದೇಶಗಳಿವೆ, ಅದರೊಳಗೆ ಬೇರೆ ಬೇರೆ ಮನೆಗಳಿವೆ, ಒಂದೊಂದು ಮನೆಯ ಮಾತಿಗೂ ಒಂದೊಂದು ತೂಕ.

ಯುರೋಪಿಯನ್ ಪಾರ್ಲಿಮೆಂಟ್‌ನಲ್ಲಿ ಈಗ 720 ಸದಸ್ಯರಿದ್ದಾರೆ, ಜನ ನೇರವಾಗಿ ಆರಿಸಿ ಕಳಿಸಿದವರು. ಸ್ಟ್ರಾಸ್‌ಬರ್ಗ್‌ನಲ್ಲಿ ಅಧಿವೇಶನ ಸೇರಿದಾಗ ಬೇರೆ ದೇಶಗಳ ಮಾನವ ಹಕ್ಕಿನ ಬಗ್ಗೆ ನಿರ್ಣಯ ಪಾಸ್ ಮಾಡುತ್ತಾರೆ. ಖಾರವಾಗಿ ಇರುತ್ತದೆ, ಹೆಸರು ಹಿಡಿದು ಹೇಳುತ್ತಾರೆ. ಆದರೆ ವಿದೇಶ ನೀತಿಯಲ್ಲಿ ಆ ನಿರ್ಣಯವನ್ನು ಪಾಲಿಸಲೇಬೇಕು ಅಂತ ಯಾರಿಗೂ ಕಟ್ಟುಪಾಡಿಲ್ಲ. ಒಕ್ಕೂಟದ ಆಡಳಿತ ನಡೆಸುವ ಬ್ರಸೆಲ್ಸ್‌ನ ಕಮಿಷನ್ ಕೈಯಲ್ಲಿ ವ್ಯಾಪಾರ ಮತ್ತು ದುಡ್ಡು ಇದೆ. ಮಂತ್ರಿಗಳ ಕೌನ್ಸಿಲ್ ಕೈಯಲ್ಲಿ ನಿರ್ಬಂಧ ಹೇರುವ ಅಧಿಕಾರ ಇದೆ. ವಿದೇಶ ವ್ಯವಹಾರಕ್ಕೆ ಒಬ್ಬರು ಉನ್ನತ ಪ್ರತಿನಿಧಿ ಇದ್ದಾರೆ. 2024ರ ಡಿಸೆಂಬರ್‌ನಲ್ಲಿ ಆ ಜಾಗಕ್ಕೆ ಬಂದವರು ಎಸ್ಟೋನಿಯಾದ ಮಾಜಿ ಪ್ರಧಾನಿ ಕಾಯಾ ಕಲ್ಲಾಸ್.

ಹೇಳಿಕೆಯಲ್ಲೂ ಮೆಟ್ಟಿಲುಗಳಿವೆ. ವಕ್ತಾರರ ಹೇಳಿಕೆ ಎಲ್ಲಕ್ಕಿಂತ ಕೆಳಗಿನದು. ಅದರ ಮೇಲೆ ಉನ್ನತ ಪ್ರತಿನಿಧಿಯ ಹೇಳಿಕೆ. ಅದರಲ್ಲಿ "ಐರೋಪ್ಯ ಒಕ್ಕೂಟದ ಪರವಾಗಿ" ಅನ್ನುವ ಮಾತು ಇದ್ದರೆ 27 ದೇಶಗಳೂ ಒಪ್ಪಿವೆ ಅಂತ ಅರ್ಥ. ಒಂದು ದೇಶ ಬೇಡ ಅಂದರೂ ಆ ಮಾತು ಹೊರಗೆ ಬರುವುದಿಲ್ಲ. 2017ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯಲ್ಲಿ ಚೀನಾದ ಬಗ್ಗೆ ಒಕ್ಕೂಟ ಒಂದು ಹೇಳಿಕೆ ಓದಬೇಕಿತ್ತು. ಗ್ರೀಸ್ ತಡೆಯಿತು. ಅದರ ಹಿಂದಿನ ವರ್ಷವೇ ಗ್ರೀಸ್‌ನ ಪಿರೇಯಸ್ ಬಂದರಿನ ದೊಡ್ಡ ಪಾಲನ್ನು ಚೀನಾದ ಸರ್ಕಾರಿ ಕಂಪನಿ ಕೊಂಡಿತ್ತು. ಹಾಗಾಗಿ ಒಕ್ಕೂಟ ಸುಮ್ನೆ ಇದ್ದ ದಿನವನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ಯಾರು ಬಾಯಿ ಮುಚ್ಚಿಸಿದರು ಅಂತ ಪಕ್ಕದಲ್ಲಿ ಬರೆಯಿರಿ.

ಇನ್ನೊಂದು ಗೊಂದಲ ಪರೀಕ್ಷೆಯಲ್ಲಿ ಎಷ್ಟೋ ಜನರ ಅಂಕ ತಿಂದಿದೆ. ಕೌನ್ಸಿಲ್ ಆಫ್ ಯುರೋಪ್ ಬೇರೆ, ಐರೋಪ್ಯ ಒಕ್ಕೂಟ ಬೇರೆ. ಮೊದಲನೆಯದು 1949ರಲ್ಲಿ ಹುಟ್ಟಿದ್ದು, 46 ದೇಶಗಳದ್ದು. ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಇರುವುದು ಅದರ ಕೆಳಗೆ. ಉಕ್ರೇನ್ ಮೇಲೆ ಯುದ್ಧ ಮಾಡಿದ್ದಕ್ಕೆ ರಷ್ಯಾವನ್ನು 2022ರ ಮಾರ್ಚ್‌ನಲ್ಲಿ ಹೊರಗೆ ಹಾಕಿದ್ದು ಅದೇ. ಎರಡಕ್ಕೂ ನೀಲಿ ಬಟ್ಟೆಯ ಮೇಲೆ 12 ಚಿನ್ನದ ನಕ್ಷತ್ರ ಇರುವ ಒಂದೇ ಬಾವುಟ, ಎರಡೂ ಸ್ಟ್ರಾಸ್‌ಬರ್ಗ್‌ನಲ್ಲಿ ಸಭೆ ಸೇರುತ್ತವೆ, ಹಾಗಾಗಿ ತಪ್ಪುವುದು ಸಹಜ. ಬಾವುಟ ನೋಡಿ ನಂಬಬೇಡಿ, ಹೆಸರು ಪೂರ್ತಿ ಓದಿ.

ಮಣಿಪುರದ ಸಾಲನ್ನು ನಾವು ಬಿಡಿಸಿ ಓದಿದ್ದು ಹೀಗೆ. 2023ರ ಜುಲೈ 13ರಂದು ಯುರೋಪಿಯನ್ ಪಾರ್ಲಿಮೆಂಟ್ ಮಣಿಪುರದ ಹಿಂಸೆಯ ಬಗ್ಗೆ ನಿರ್ಣಯ ಪಾಸ್ ಮಾಡಿತು. ನಮ್ಮ ವಿದೇಶಾಂಗ ಇಲಾಖೆ ಇದು ನಮ್ಮ ಒಳಗಿನ ವಿಷಯ, ಇದರಲ್ಲಿ ವಸಾಹತುಶಾಹಿ ಮನಸ್ಸು ಕಾಣುತ್ತದೆ ಅಂತ ತಿರುಗಿಸಿ ಹೇಳಿತು. ಅದೇ ದಿನ ನಮ್ಮ ಪ್ರಧಾನಿ ಪ್ಯಾರಿಸ್‌ನಲ್ಲಿ ಇಳಿದರು, ಮರುದಿನ ಫ್ರಾನ್ಸ್‌ನ ರಾಷ್ಟ್ರೀಯ ದಿನದ ಪರೇಡ್‌ಗೆ ಅವರೇ ಮುಖ್ಯ ಅತಿಥಿ. ಸ್ಟ್ರಾಸ್‌ಬರ್ಗ್ ಇರುವುದೂ ಫ್ರಾನ್ಸ್‌ನಲ್ಲೇ. ಒಂದೇ ದೇಶದ ನೆಲದ ಮೇಲೆ ಒಂದೇ ದಿನ ಒಂದು ಮನೆ ಬೈಯಿತು, ಇನ್ನೊಂದು ಮನೆ ಆರತಿ ಎತ್ತಿತು. ಬೈದ ಮನೆ ಜನರಿಗೆ ಉತ್ತರ ಕೊಡಬೇಕು, ಆರತಿ ಎತ್ತಿದ ಮನೆ ವ್ಯಾಪಾರ ಮತ್ತು ರಕ್ಷಣೆಯ ಲೆಕ್ಕ ನೋಡಬೇಕು. ಎರಡನ್ನೂ ಸೇರಿಸಿ "ಯುರೋಪ್" ಅಂದುಬಿಟ್ಟರೆ ಏನೂ ಅರ್ಥ ಆಗುವುದಿಲ್ಲ ಅಲ್ವಾ?

ಕೈಯಲ್ಲಿ ಏನಿದೆ

ಮಾನವ ಹಕ್ಕನ್ನು ಹೊರಗಿನ ದೇಶಗಳಲ್ಲೂ ಎತ್ತಿ ಹಿಡಿಯಬೇಕು ಅನ್ನುವುದು ಅವರ ಒಪ್ಪಂದದಲ್ಲೇ ಬರೆದಿದೆ. 2009ರ ಡಿಸೆಂಬರ್ 1ರಂದು ಜಾರಿಗೆ ಬಂದ ಲಿಸ್ಬನ್ ಒಪ್ಪಂದದ ನಂತರ ಅದು ಒಕ್ಕೂಟದ ಒಪ್ಪಂದದ 21ನೇ ವಿಧಿ. ನಮ್ಮ ಸಂವಿಧಾನದಲ್ಲಿ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಇರುವುದೂ 21ನೇ ವಿಧಿಯಲ್ಲೇ. ನೆನಪಿಟ್ಟುಕೊಳ್ಳಲು ಸುಲಭ. ಬರೆದದ್ದನ್ನು ಮಾಡಿ ತೋರಿಸುವುದು ಹೇಗೆ ಅನ್ನುವುದು ಎರಡನೇ ಕಾಲಂನ ಕೆಲಸ.

ಮೊದಲನೆಯದು ಮಾತುಕತೆ. ಭಾರತದ ಜೊತೆ ಮಾನವ ಹಕ್ಕಿನ ಬಗ್ಗೆಯೇ ಬೇರೆ ಸಭೆ ನಡೆಯುತ್ತದೆ, 11ನೆಯದು 2025ರ ಜನವರಿಯಲ್ಲಿ ದೆಹಲಿಯಲ್ಲಿ ಆಯಿತು. ಅವರು ಮರಣದಂಡನೆ ಬೇಡ ಅಂತ ಹೇಳಿದರು, ನಮ್ಮವರು ಅಭಿವೃದ್ಧಿಯೂ ಒಂದು ಮೂಲ ಹಕ್ಕು ಅಂತ ಹೇಳಿದರು. ಇದರ ಬಗ್ಗೆ ಜಾಸ್ತಿ ಬರೆಯಲು ಏನಿಲ್ಲ. ಬಾಗಿಲು ಮುಚ್ಚಿಲ್ಲ ಅನ್ನುವುದಷ್ಟೇ ಅದರ ಬೆಲೆ.

ಎರಡನೆಯದು ವ್ಯಾಪಾರ. ಕೈಯಲ್ಲಿರುವ ದೊಡ್ಡ ಕೋಲು ಇದೇ. ಬಡ ದೇಶಗಳ ಮಾಲಿಗೆ ಒಕ್ಕೂಟ ಸುಂಕ ಕಮ್ಮಿ ಮಾಡುತ್ತದೆ. ತೀರಾ ಹಿಂದುಳಿದ ದೇಶಗಳಿಗೆ ಆಯುಧ ಬಿಟ್ಟು ಬೇರೆ ಎಲ್ಲಾ ಮಾಲಿಗೂ ಸುಂಕವೇ ಇಲ್ಲ, 2001ರಿಂದ ಇದು ನಡೆಯುತ್ತಿದೆ. ಜಿಎಸ್‌ಪಿ ಪ್ಲಸ್ ಅನ್ನುವ ಇನ್ನೊಂದು ವ್ಯವಸ್ಥೆಯಲ್ಲಿ ಮಾನವ ಹಕ್ಕು, ಕಾರ್ಮಿಕರ ಹಕ್ಕು, ಪರಿಸರ, ಒಳ್ಳೆಯ ಆಡಳಿತಕ್ಕೆ ಸೇರಿದ 27 ಅಂತಾರಾಷ್ಟ್ರೀಯ ಒಪ್ಪಂದಗಳನ್ನು ಪಾಲಿಸುವ ದೇಶಕ್ಕೆ ಜಾಸ್ತಿ ರಿಯಾಯಿತಿ. ಪಾಲಿಸದಿದ್ದರೆ ಹಿಂದಕ್ಕೆ ತೆಗೆದುಕೊಳ್ಳಬಹುದು.

ಮೂರನೆಯದು ವ್ಯಕ್ತಿಗಳ ಮೇಲಿನ ನಿರ್ಬಂಧ. 2020ರ ಡಿಸೆಂಬರ್ 7ರಂದು ಇದಕ್ಕಾಗಿಯೇ ಒಂದು ವ್ಯವಸ್ಥೆ ಬಂತು. ತಪ್ಪು ಮಾಡಿದ ಅಧಿಕಾರಿ ಯಾವ ದೇಶದವನಾದರೂ ಸರಿ, ಯುರೋಪಿನಲ್ಲಿರುವ ಅವನ ಆಸ್ತಿ, ಬ್ಯಾಂಕ್ ಖಾತೆ ಸ್ಥಗಿತ ಮಾಡಬಹುದು, ಒಳಗೆ ಬರದಂತೆ ತಡೆಯಬಹುದು. 2021ರ ಮಾರ್ಚ್‌ನಲ್ಲಿ, ರಷ್ಯಾದ ವಿರೋಧ ಪಕ್ಷದ ನಾಯಕ ನವಾಲ್ನಿಯನ್ನು ಜೈಲಿಗೆ ಹಾಕಿದ್ದಕ್ಕೆ ನಾಲ್ಕು ಜನ ರಷ್ಯಾದ ಅಧಿಕಾರಿಗಳ ಮೇಲೆ ಇದನ್ನು ಮೊದಲ ಸಲ ಬಳಸಿದರು. ಅದೇ ತಿಂಗಳು ಶಿನ್‌ಜಿಯಾಂಗ್‌ನ ಉಯಿಗರ್ ಮುಸ್ಲಿಮರ ವಿಷಯಕ್ಕೆ ಚೀನಾದ ಅಧಿಕಾರಿಗಳ ಮೇಲೂ ಬಳಸಿದರು. ಚೀನಾ ತಿರುಗಿ ಯುರೋಪಿಯನ್ ಪಾರ್ಲಿಮೆಂಟ್ ಸದಸ್ಯರ ಮೇಲೆಯೇ ನಿರ್ಬಂಧ ಹಾಕಿತು. ಆಗ ಪಾರ್ಲಿಮೆಂಟ್ ಚೀನಾ ಜೊತೆಗಿನ ಹೂಡಿಕೆ ಒಪ್ಪಂದವನ್ನು ಪಕ್ಕಕ್ಕೆ ಇಟ್ಟುಬಿಟ್ಟಿತು. ನಿರ್ಣಯಕ್ಕೆ ಬಲ ಇಲ್ಲ ಅಂದೆನಲ್ಲ, ವ್ಯಾಪಾರ ಒಪ್ಪಂದಕ್ಕೆ ಸಹಿ ಬೀಳಬೇಕಾದಾಗ ಅದೇ ಪಾರ್ಲಿಮೆಂಟ್‌ನ ಕೈ ಗಟ್ಟಿ.

ನಾಲ್ಕನೆಯದು ಸಣ್ಣದು, ಸುದ್ದಿಯಲ್ಲಿ ಬರುವುದೇ ಇಲ್ಲ, ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಚಿತ್ರಹಿಂಸೆಗೆ ಬಳಸುವ ಸಾಮಾನುಗಳ ರಫ್ತನ್ನು ತಡೆಯಲು 2005ರಲ್ಲಿ ಅವರು ಒಂದು ಕಾನೂನು ಮಾಡಿದರು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಮರಣದಂಡನೆಗೆ ವಿಷದ ಇಂಜೆಕ್ಷನ್ ಕೊಡುತ್ತಾರೆ, ಅದಕ್ಕೆ ಬೇಕಾದ ಅರಿವಳಿಕೆ ಔಷಧವನ್ನು 2011ರ ಡಿಸೆಂಬರ್‌ನಲ್ಲಿ ಆ ಕಾನೂನಿನ ಪಟ್ಟಿಗೆ ಸೇರಿಸಿದರು. ಭಾಷಣ ಇಲ್ಲ, ಖಂಡನೆ ಇಲ್ಲ. ಲೈಸೆನ್ಸ್ ಇಲ್ಲದೆ ಆ ಬಾಟಲಿ ಹೋಗಬಾರದು ಅಂದರು ಅಷ್ಟೇ. ಆ ರಾಜ್ಯಗಳು ಔಷಧ ಸಿಗದೆ ಒದ್ದಾಡಿದವು. ತನ್ನದೇ ಅಂಗಡಿಯ ಬಾಗಿಲಲ್ಲಿ ನಿಂತು ತನ್ನದೇ ಮಾಲಿಗೆ ತಡೆ ಹಾಕಿದ್ದು ಇದು. ಅದಕ್ಕೇ ಇಷ್ಟ ಆಗುತ್ತದೆ.

ಪೆಟ್ಟು ಬಿದ್ದದ್ದು ಯಾರ ಮನೆಗೆ

ಈ ಕಾಲಂಗೆ ಟೈಮ್ ಕೊಡಿ. ಸೇಡಂ ಹುಡುಗಿಯ ಪ್ರಶ್ನೆ ಇದೇ.

ಶ್ರೀಲಂಕಾ ತೆಗೆದುಕೊಳ್ಳಿ. 2009ರ ಮೇನಲ್ಲಿ ಅಲ್ಲಿ ಯುದ್ಧ ಮುಗಿಯಿತು. ನಾಗರಿಕ ಹಕ್ಕು, ಚಿತ್ರಹಿಂಸೆ ತಡೆ, ಮಕ್ಕಳ ಹಕ್ಕು, ಈ ಮೂರು ಒಪ್ಪಂದಗಳನ್ನು ಶ್ರೀಲಂಕಾ ಸರಿಯಾಗಿ ಪಾಲಿಸಿಲ್ಲ ಅಂತ ಕಮಿಷನ್‌ನ ತನಿಖೆ ಹೇಳಿತು. 2010ರ ಆಗಸ್ಟ್ 15ರಿಂದ ಜಿಎಸ್‌ಪಿ ಪ್ಲಸ್ ನಿಂತಿತು. ವಾಪಸ್ ಸಿಕ್ಕಿದ್ದು 2017ರ ಮೇನಲ್ಲಿ, ಅದೂ ಅಲ್ಲಿ ಸರ್ಕಾರ ಬದಲಾದ ಮೇಲೆ. ಸುಮಾರು ಏಳು ವರ್ಷ. ಯುರೋಪಿಗೆ ಅವರು ಕಳಿಸುವ ಮಾಲಿನಲ್ಲಿ ಬಟ್ಟೆಯದೇ ದೊಡ್ಡ ಪಾಲು, ಅದನ್ನು ಹೊಲಿಯುವವರಲ್ಲಿ ಜಾಸ್ತಿ ಹೆಂಗಸರು. ಯುದ್ಧದ ತೀರ್ಮಾನ ತೆಗೆದುಕೊಂಡವರಲ್ಲಿ ಅವರು ಯಾರೂ ಇರಲಿಲ್ಲ.

ಕಾಂಬೋಡಿಯಾದಲ್ಲಿ ಪೂರ್ತಿ ರಿಯಾಯಿತಿ ತೆಗೆಯಲಿಲ್ಲ. ಯುರೋಪಿಗೆ ಹೋಗುವ ಮಾಲಿನ ಐದನೇ ಒಂದು ಭಾಗಕ್ಕೆ, ವರ್ಷಕ್ಕೆ ಸುಮಾರು 100 ಕೋಟಿ ಯೂರೋ ಬೆಲೆಯ ಮಾಲಿಗೆ ಮಾತ್ರ ಸುಂಕ ಹಾಕಿದರು. ಎಲ್ಲಾ ಸಕ್ಕರೆಯನ್ನೂ ಪಟ್ಟಿಯಲ್ಲಿ ಸೇರಿಸಿದರು, ಯಾಕೆಂದರೆ ಕಬ್ಬಿನ ತೋಟಕ್ಕಾಗಿ ರೈತರನ್ನು ಜಮೀನಿನಿಂದ ಎಬ್ಬಿಸಿದ ದೂರುಗಳು ಅಲ್ಲಿ ಹಳೆಯವು. ಬೀದರ್‌ನ ಕಬ್ಬಿನ ಊರಿನಿಂದ ಬಂದ ಹುಡುಗ ಇಲ್ಲಿ ತಡೆದು ಕೇಳಿದ, "ಹಂಗಂದ್ರ ಸಕ್ಕರೆ ತಡೆದಿದ್ದು ಸರಿ, ಬಟ್ಟೆ ತಡೆದಿದ್ದು ತಪ್ಪು ಅಂತೀರೇನ್ರಿ?" ನಾನು ಪೂರ್ತಿ ಹಾಗೆ ಹೇಳಲಾರೆ. ಆದರೆ ತಪ್ಪು ನಡೆದ ಮಾಲಿಗೇ ಪೆಟ್ಟು ಕೊಡುವುದಕ್ಕೂ, ಯಾರದೋ ತಪ್ಪಿಗೆ ಯಾರದೋ ಮಾಲಿಗೆ ಪೆಟ್ಟು ಕೊಡುವುದಕ್ಕೂ ವ್ಯತ್ಯಾಸ ಇದೆ. ಆ ವ್ಯತ್ಯಾಸವನ್ನು ನಾವು ಹುಡುಕಬೇಕು.

ಈಗ ಮ್ಯಾನ್ಮಾರ್ ನೋಡಿ, ಒಂದೇ ದೇಶದಲ್ಲಿ ಎರಡು ರೀತಿ ಕಾಣುತ್ತದೆ. ಬಲವಂತದ ದುಡಿಮೆಯ ಕಾರಣಕ್ಕೆ 1997ರಲ್ಲಿ ಒಕ್ಕೂಟ ಅದರ ಸುಂಕದ ರಿಯಾಯಿತಿ ತೆಗೆಯಿತು, 2013ರಲ್ಲಿ ವಾಪಸ್ ಕೊಟ್ಟಿತು. 2021ರ ಫೆಬ್ರವರಿ 1ರಂದು ಸೈನ್ಯ ಮತ್ತೆ ಅಧಿಕಾರ ಕಿತ್ತುಕೊಂಡಿತು. ಈ ಸಲ ರಿಯಾಯಿತಿ ತೆಗೆಯಲಿಲ್ಲ. ಬಟ್ಟೆ ಕಾರ್ಖಾನೆಯ ಹೆಂಗಸರ ಕೆಲಸ ಹೋಗುತ್ತದೆ ಅನ್ನುವ ವಾದ ಆಗ ಜೋರಾಗಿ ಇತ್ತು. ಅದರ ಬದಲು ಜನರಲ್‌ಗಳ ಮೇಲೆ, ಸೈನ್ಯದ ಕಂಪನಿಗಳ ಮೇಲೆ ನಿರ್ಬಂಧ ಹಾಕಿದರು, 2022ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರಿ ತೈಲ ಮತ್ತು ಗ್ಯಾಸ್ ಕಂಪನಿಯ ಮೇಲೂ ಹಾಕಿದರು. ಸೈನ್ಯಕ್ಕೆ ವಿದೇಶಿ ದುಡ್ಡು ಬರುತ್ತಿದ್ದ ದೊಡ್ಡ ದಾರಿ ಅದು. ಇದರಿಂದ ಸೈನ್ಯ ಇಳಿದು ಹೋಗಲಿಲ್ಲ, ಅದನ್ನು ನಾಲ್ಕನೇ ಕಾಲಂನಲ್ಲಿ ನೇರವಾಗಿ ಬರೆಯಬೇಕು. ಆದರೆ ಪೆಟ್ಟು ಯಾರ ಕಡೆಗೆ ತಿರುಗಿತು ಅನ್ನುವುದು ಮೂರನೇ ಕಾಲಂನಲ್ಲಿ ಕಾಣುತ್ತದೆ.

ಬಾಂಗ್ಲಾದೇಶದ್ದು ಮೂರನೇ ದಾರಿ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನ ಗೋಡೆ ಬಿರುಕು ಬಿಟ್ಟಿದ್ದನ್ನು ನೋಡಿದ್ದರೂ ಅವರನ್ನು ಬೆಳಿಗ್ಗೆ ಒಳಗೆ ಕಳಿಸಿದ್ದರು. ಅಮೆರಿಕ ಎರಡು ತಿಂಗಳಲ್ಲಿ ತನ್ನ ಸುಂಕದ ರಿಯಾಯಿತಿ ನಿಲ್ಲಿಸಿತು, ಆದರೆ ಆ ರಿಯಾಯಿತಿಯಲ್ಲಿ ಗಾರ್ಮೆಂಟ್ಸ್ ಮೊದಲೇ ಸೇರಿರಲಿಲ್ಲ. ಒಕ್ಕೂಟ ರಿಯಾಯಿತಿ ಉಳಿಸಿಕೊಂಡೇ, ತೆಗೆಯಬಹುದು ಅನ್ನುವ ಮಾತನ್ನು ಮೇಜಿನ ಮೇಲಿಟ್ಟು, ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯನ್ನೂ ಕರೆದುಕೊಂಡು ಜುಲೈನಲ್ಲಿ ಬಾಂಗ್ಲಾ ಸರ್ಕಾರದ ಜೊತೆ ಒಂದು ಒಡಂಬಡಿಕೆ ಮಾಡಿತು. ಕಾರ್ಮಿಕ ಸಂಘಗಳೂ ಬಟ್ಟೆ ಕಂಪನಿಗಳೂ ಸೇರಿ ಬೇರೆಯೇ ಒಂದು ಒಪ್ಪಂದ ಮಾಡಿಕೊಂಡವು, ಅದರಂತೆ ಇಂಜಿನಿಯರ್‌ಗಳು ಕಾರ್ಖಾನೆ ಕಾರ್ಖಾನೆಗೆ ಹೋಗಿ ಕಂಬ, ಮೆಟ್ಟಿಲು, ವೈರಿಂಗ್ ನೋಡಿದರು. ಕೆಲಸವೂ ಉಳಿಯಿತು, ಕಟ್ಟಡಗಳೂ ಗಟ್ಟಿಯಾದವು. ಕೂಲಿ ಮಾತ್ರ ಅಷ್ಟು ಬೇಗ ಏರಲಿಲ್ಲ.

ನಾನು ಕಂಡುಕೊಂಡದ್ದು ಇಷ್ಟು. ಅಧಿಕಾರ ಇದ್ದವನ ಬ್ಯಾಂಕ್ ಖಾತೆಗೆ ಬೀಳುವ ಪೆಟ್ಟನ್ನು ನಾನು ಬೆಂಬಲಿಸುತ್ತೇನೆ. ದುಡಿಯುವ ಹೆಂಗಸಿನ ಒಲೆಗೆ ಬೀಳುವ ಪೆಟ್ಟಾದರೆ, ಅದು ಎಷ್ಟೇ ಒಳ್ಳೆಯ ಹೆಸರಲ್ಲಿ ಬಂದರೂ, ಬೇರೆ ದಾರಿ ಇರಲಿಲ್ಲವೇ ಅಂತ ಕೇಳುತ್ತೇನೆ.

ತಕ್ಕಡಿ ಒಂದೇನಾ

ಇಲ್ಲಿ ಎಲ್ಲರಿಗೂ ಸಿಟ್ಟು ಬರುತ್ತದೆ, ಬರಲಿ. ಆದರೆ ಸಿಟ್ಟಿಗೂ ಲೆಕ್ಕ ಇರಲಿ. 2023ರ ಜುಲೈನಲ್ಲಿ ವಲಸೆ ತಡೆಯುವುದಕ್ಕಾಗಿ ಟ್ಯುನೀಷಿಯಾದ ಜೊತೆ ಒಕ್ಕೂಟ ಒಪ್ಪಂದ ಮಾಡಿಕೊಂಡಿತು, ಅಲ್ಲಿನ ಅಧ್ಯಕ್ಷ ವಿರೋಧಿಗಳನ್ನು ಜೈಲಿಗೆ ಹಾಕುತ್ತಿದ್ದ ಕಾಲದಲ್ಲೇ. 2024ರ ಮಾರ್ಚ್‌ನಲ್ಲಿ ಈಜಿಪ್ಟ್‌ಗೆ 740 ಕೋಟಿ ಯೂರೋ ಪ್ಯಾಕೇಜ್ ಘೋಷಿಸಿತು. ರಷ್ಯಾದ ಗ್ಯಾಸ್ ಬಿಡಬೇಕಾದಾಗ 2022ರ ಜುಲೈನಲ್ಲಿ ಅಜರ್‌ಬೈಜಾನ್ ಜೊತೆ ಗ್ಯಾಸ್ ಒಪ್ಪಂದಕ್ಕೆ ಕೈ ಕುಲುಕಿತು. ಕಾಂಬೋಡಿಯಾಕ್ಕೆ ಒಂದು ಅಳತೆ, ಗ್ಯಾಸ್ ಇರುವವರಿಗೆ ಇನ್ನೊಂದು ಅಳತೆ.

ಆದರೆ "ಅವರೇ ಸರಿ ಇಲ್ಲ, ಹಾಗಾಗಿ ಹಕ್ಕಿನ ಮಾತೇ ಸುಳ್ಳು" ಅಂತ ಪುಟ ಮುಚ್ಚುವುದು ಸೋಮಾರಿತನ. ಈ ಟ್ಯುನೀಷಿಯಾ ಒಪ್ಪಂದವನ್ನು ಎಲ್ಲರಿಗಿಂತ ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಅವರದೇ ಪಾರ್ಲಿಮೆಂಟ್ ಸದಸ್ಯರಿದ್ದರು. ತಮ್ಮದೇ ಸದಸ್ಯ ದೇಶ ಹಂಗೇರಿ ಪ್ರಜಾಪ್ರಭುತ್ವದ ದಾರಿ ಬಿಡುತ್ತಿದೆ ಅಂತ 2018ರ ಸೆಪ್ಟೆಂಬರ್‌ನಲ್ಲಿ ಆ ಪಾರ್ಲಿಮೆಂಟೇ ಕ್ರಮ ಶುರು ಮಾಡಿತು. ಹಾಗಾಗಿ ಎರಡು ಅಳತೆ ಕಂಡಾಗ ನೋಟ್‌ಬುಕ್‌ನಲ್ಲಿ ಎರಡೂ ದೇಶದ ಹೆಸರನ್ನು ಒಂದರ ಕೆಳಗೆ ಒಂದು ಬರೆಯಿರಿ, ವ್ಯತ್ಯಾಸಕ್ಕೆ ಕಾರಣ ಏನು ಅಂತ ಒಂದೇ ಪದದಲ್ಲಿ ಹೇಳಲು ಪ್ರಯತ್ನಿಸಿ. ಗ್ಯಾಸ್. ವಲಸೆ. ಬಂದರು. ಒಂದು ಪದದಲ್ಲಿ ಸಿಕ್ಕರೆ ನೀವು ಸರಿಯಾಗಿ ಓದಿದ್ದೀರಿ.

ಇನ್ನು ಇದೆಲ್ಲ ಪರದೇಶದ ಮಾಲು, ನಮಗೆ ಯಾಕೆ ಅನ್ನುವವರು ಪ್ರತಿ ವಾರ ಒಬ್ಬರಾದರೂ ಇರುತ್ತಾರೆ. ಬಸವಕಲ್ಯಾಣದ ಕಡೆಯ ಹುಡುಗ ಅದಕ್ಕೆ ಬಸವಣ್ಣನ ಕಾಲದಲ್ಲಿ ಜಾತಿ ಮೀರಿ ಆದ ಹರಳಯ್ಯ ಮಧುವರಸರ ಮಕ್ಕಳ ಮದುವೆ, ಅದಕ್ಕೆ ಅವರು ತೆತ್ತ ಬೆಲೆಯನ್ನು ನೆನಪಿಸುತ್ತಾನೆ. ನಾನು ಇನ್ನೊಂದು ಹೇಳುತ್ತೇನೆ. 1948ರ ಸೆಪ್ಟೆಂಬರ್ 16ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಪ್ಯಾರಿಸ್‌ನಲ್ಲಿ ಕೂತು ಚರ್ಚೆಗೆ ತೆಗೆದುಕೊಂಡದ್ದು ನಮ್ಮ ಹೈದರಾಬಾದ್ ಸಂಸ್ಥಾನದ ವಿಷಯವನ್ನೇ, ಅಂದರೆ ಕಲಬುರಗಿ, ಬೀದರ್ ಎಲ್ಲ ಸೇರಿದ ನೆಲದ ವಿಷಯ. ಭಾರತದ ಮೇಲೆ ದೂರು ಕೊಟ್ಟಿದ್ದು ನಿಜಾಮನ ಸರ್ಕಾರ. ಮರುದಿನವೇ ನಿಜಾಮ ಶರಣಾದ. ಅದೇ ಪ್ಯಾರಿಸ್‌ನಲ್ಲಿ ಮೂರು ತಿಂಗಳೂ ತುಂಬುವ ಮೊದಲು, ಡಿಸೆಂಬರ್ 10ರಂದು ಮಾನವ ಹಕ್ಕುಗಳ ಘೋಷಣೆ ಆಯಿತು. ಅದರ ಮೊದಲ ವಿಧಿಯಲ್ಲಿ "ಎಲ್ಲ ಗಂಡಸರು" ಅಂತ ಅರ್ಥ ಬರುವಂತೆ ಇದ್ದದ್ದನ್ನು "ಎಲ್ಲ ಮನುಷ್ಯರು" ಅಂತ ಮಾಡಿಸಲು ಪಟ್ಟು ಹಿಡಿದವರು ಭಾರತದ ಪ್ರತಿನಿಧಿಯಾಗಿದ್ದ ನಮ್ಮ ಹಂಸಾ ಮೆಹ್ತಾ. ರಜಾಕಾರರ ಕಾಲ ನೋಡಿದ ಅಜ್ಜ ಅಜ್ಜಿ ಮನೆಯಲ್ಲಿ ಇನ್ನೂ ಇದ್ದರೆ ಕೇಳಿ ನೋಡಿ, ಹಕ್ಕು ಪರದೇಶದ್ದಾ ಅಂತ.

ಸಂಘದವರಿಗೆ, ದುಡ್ಡಿನ ಬಗ್ಗೆ

2021ರಿಂದ 2027ರವರೆಗೆ ಒಕ್ಕೂಟ ಹೊರದೇಶಗಳಿಗೆ ಇಟ್ಟಿರುವ ದೊಡ್ಡ ನಿಧಿ ಸುಮಾರು 7,950 ಕೋಟಿ ಯೂರೋ. ಅದರಲ್ಲಿ ಮಾನವ ಹಕ್ಕು ಮತ್ತು ಪ್ರಜಾಪ್ರಭುತ್ವಕ್ಕೆ ಅಂತಲೇ ಬೇರೆ ಇಟ್ಟಿರುವುದು ಸುಮಾರು 136 ಕೋಟಿ. ಈ ಬಾಬ್ತಿನ ದುಡ್ಡನ್ನು ಆಯಾ ದೇಶದ ಸರ್ಕಾರದ ಒಪ್ಪಿಗೆ ಕೇಳದೆ ನೇರವಾಗಿ ಸಂಘಗಳಿಗೆ ಕೊಡಬಹುದು ಅನ್ನುವುದು ಅದರ ವಿಶೇಷ.

ಅವರ ಕಡೆಯಿಂದ ಹಾಗೆ. ನಮ್ಮ ಕಡೆಯಿಂದ ವಿದೇಶಿ ದೇಣಿಗೆಗೆ ಕಡಿವಾಣ ಹಾಕುವ ಎಫ್‌ಸಿಆರ್‌ಎ ಕಾನೂನು ಇದೆ. ನೋಂದಣಿಗೆ ಸಂಘಕ್ಕೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಮುಖ್ಯ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ದುಡ್ಡು ಮೊದಲು ಬರಬೇಕಾದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ. 2020ರ ತಿದ್ದುಪಡಿಯ ನಂತರ ಆಡಳಿತ ಖರ್ಚು 20 ಶೇಕಡಾ ದಾಟುವಂತಿಲ್ಲ, ಒಂದು ಸಂಸ್ಥೆಗೆ ಬಂದ ವಿದೇಶಿ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನಮ್ಮ ಕಡೆಯ ಸಣ್ಣ ಸಂಘಗಳಿಗೆ ನಿಜವಾಗಿ ಹೊಡೆತ ಬಿದ್ದದ್ದು ಈ ಕೊನೆಯದರಿಂದ. ಮೊದಲು ಬೆಂಗಳೂರಿನ ದೊಡ್ಡ ಸಂಸ್ಥೆ ಅರ್ಜಿ ಹಾಕಿ ತಾಲ್ಲೂಕಿನ ಸಂಘಕ್ಕೆ ಒಂದು ಪಾಲು ಕೊಡುತ್ತಿತ್ತು, ಈಗ ಆಗುವುದಿಲ್ಲ. ಹಾಗಾಗಿ ಯಾರಾದರೂ "ಯುರೋಪಿನ ದುಡ್ಡು ಕೊಡಿಸುತ್ತೇನೆ, ಮೊದಲು ಫೀಸ್ ಕಟ್ಟಿ" ಅಂತ ಬಂದರೆ, ನಿಮ್ಮ ಸಂಘಕ್ಕೆ ಎಫ್‌ಸಿಆರ್‌ಎ ಇಲ್ಲದಿದ್ದರೆ, ಅಲ್ಲೇ ಮಾತು ಮುಗಿಸಿ.

ಅರ್ಜಿಯ ವಿಷಯಕ್ಕೇ ಇನ್ನೊಂದು. ನಮ್ಮ ಗುಂಪಿನ ಒಬ್ಬರು ಯುರೋಪಿಯನ್ ಪಾರ್ಲಿಮೆಂಟ್‌ಗೆ ಮೂರು ಪುಟದ ಮನವಿ ತಯಾರು ಮಾಡಿದ್ದರು, ವಾರವೆಲ್ಲ ಕೂತು. ಆ ಮನವಿ ಹಾಕುವ ಹಕ್ಕು ಒಕ್ಕೂಟದ ಪ್ರಜೆಗಳಿಗೆ ಮತ್ತು ಅಲ್ಲಿ ವಾಸ ಇರುವವರಿಗೆ ಮಾತ್ರ. ಯುರೋಪಿನ ಮಾನವ ಹಕ್ಕು ನ್ಯಾಯಾಲಯವೂ ತನ್ನ 46 ದೇಶಗಳ ಮೇಲಿನ ದೂರನ್ನಷ್ಟೇ ಕೇಳುತ್ತದೆ. ನಿಮ್ಮ ವಾರ ಉಳಿಯಲಿ ಅಂತ ಬರೆದೆ.

ಬಟ್ಟೆಯ ಚೀಟಿಯಿಂದ ಶುರು ಮಾಡಿ

ಇದೆಲ್ಲ ದೂರದ ಮಾತು ಅನ್ನಿಸಿದರೆ, 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಏಳು ಪಿಎಂ ಮಿತ್ರ ಜವಳಿ ಪಾರ್ಕ್‌ಗಳಲ್ಲಿ ಒಂದು ಕಲಬುರಗಿಯಲ್ಲೇ ಬರಬೇಕು. ಯಾದಗಿರಿ ಕಡೆ ಹತ್ತಿ ಬೆಳೆಯುತ್ತಾರೆ. ಹತ್ತಿ ಬೀಜದ ಹೊಲದಲ್ಲಿ ಶಾಲೆ ಬಿಟ್ಟ ಮಕ್ಕಳನ್ನು ನೋಡಿದವರು ನಮ್ಮ ಗುಂಪಿನಲ್ಲೇ ಇದ್ದಾರೆ. ಬಲವಂತದ ದುಡಿಮೆಯಿಂದ ಆದ ಯಾವ ಮಾಲನ್ನೂ ಯುರೋಪಿನಲ್ಲಿ ಮಾರುವಂತಿಲ್ಲ ಅನ್ನುವ ಕಾನೂನನ್ನು ಅವರು 2024ರಲ್ಲಿ ಮಾಡಿದರು, ಜಾರಿಗೆ ಬರುವುದು 2027ರ ಡಿಸೆಂಬರ್‌ನಲ್ಲಿ. ಹೊಲದಿಂದ ಹೊಲಿಗೆಯವರೆಗೆ ಯಾವ ಹಂತದಲ್ಲಿ ಆದರೂ ಅದು ಅನ್ವಯ, ಮಕ್ಕಳ ಬಲವಂತದ ದುಡಿಮೆಯೂ ಅದರಲ್ಲಿ ಸೇರುತ್ತದೆ. ದೊಡ್ಡ ಕಂಪನಿಗಳು ತಮಗೆ ಮಾಲು ಕೊಡುವವರ ಹತ್ತಿರ ಹಕ್ಕು ಉಲ್ಲಂಘನೆ ಆಗುತ್ತಿದೆಯಾ ಅಂತ ನೋಡಲೇಬೇಕು ಅನ್ನುವ ಇನ್ನೊಂದು ಕಾನೂನೂ 2024ರದ್ದೇ. ಜಾರಿಯಾಗುವ ಮೊದಲೇ, 2025ರಲ್ಲಿ, ಅದನ್ನು ಮುಂದಕ್ಕೆ ಹಾಕಿದರು. ಆದರೆ ಜರ್ಮನಿಯಲ್ಲಿ ಇಂಥದ್ದೊಂದು 2023ರ ಜನವರಿ 1ರಿಂದಲೇ ಇದೆ, ಆ ಕಾನೂನಿನ ಕೆಳಗೆ ಬರುವ ಕಂಪನಿ ದೂರು ಕೇಳುವ ವ್ಯವಸ್ಥೆ ಇಡಬೇಕು, ಇಲ್ಲಿ ಹೊಲಿಯುವವರೂ ಅಲ್ಲಿಗೆ ದೂರು ಕೊಡಬಹುದು.

ಹೀಗೆ ಮಾಡಿ. ಮನೆಯಲ್ಲಿ ಯಾರಾದರೂ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರೆ ಅವರು ಹೊಲಿಯುವ ಬಟ್ಟೆಯ ಕಾಲರ್ ಹತ್ತಿರದ ಚೀಟಿಯಲ್ಲಿ ಯಾವ ಬ್ರ್ಯಾಂಡ್ ಇರುತ್ತದೆ ಅಂತ ಕೇಳಿ. ಆ ಬ್ರ್ಯಾಂಡ್ ಯಾವ ದೇಶದ್ದು ಅಂತ ಹುಡುಕಿ. ದೂರು ಕೊಡಲು ಫೋನ್ ನಂಬರ್ ಇರುವ ಪೋಸ್ಟರ್ ಕಾರ್ಖಾನೆಯಲ್ಲಿ ಇದೆಯಾ, ಇದ್ದರೆ ಯಾವ ಭಾಷೆಯಲ್ಲಿದೆ ಅಂತ ಕೇಳಿ. ಅದಕ್ಕಿಂತ ಮೊದಲು ಪಿಎಫ್, ಓಟಿ, ಕೂಲಿ ಬಾಕಿಯ ಪ್ರಶ್ನೆಗೆ ಇಲ್ಲಿನ ದಾರಿಗಳೇ ಹತ್ತಿರ. ಕಾರ್ಮಿಕ ಇಲಾಖೆ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರು ಪುಕ್ಕಟೆ ಸಿಗುತ್ತಾರೆ. ರಾಜ್ಯ ಮಾನವ ಹಕ್ಕು ಆಯೋಗ ಇದೆ. ಯುರೋಪಿನ ದಾರಿ ಇವುಗಳ ಜೊತೆಗೆ ಇರಲಿ, ಇವುಗಳ ಬದಲು ಬೇಡ.

ಸೇಡಂ ಹುಡುಗಿ ಒಂದು ಭಾನುವಾರ ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದಳು. ಚೀಟಿಯ ಮೇಲಿನ ಹೆಸರನ್ನು ಅಕ್ಕ ಒಂದೊಂದೇ ಅಕ್ಷರ ಹೇಳಿದಳು, ಹುಡುಗಿ ಬರೆದುಕೊಂಡಳು. ಪೋಸ್ಟರ್ ಇದೆ ಅಂದಳು ಅಕ್ಕ, ಕನ್ನಡದಾಗೂ ಅದ, ಆದರ ಹಚ್ಚಿದ್ದು ಸೂಪರ್‌ವೈಸರ್ ಕುರ್ಚಿ ಹಿಂದಿನ ಗ್ವಾಡಿಗಿ, ಅಲ್ಲಿ ನಿಂತು ನಂಬರ್ ಬರಕೊಳ್ಳೋದು ಯಾರ್ ಮಾಡ್ತಾರ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗಿ ಕೇಳಿದಳು, "ಅಕ್ಕಾ, ಊಟಕ್ಕ ಬಿಟ್ಟಾಗ ಆಂವ ಕುರ್ಚಿದಾಗ ಇರ್ತಾನೇನು?" ಇರಲ್ಲ ಅಂತ ಆ ಕಡೆಯಿಂದ ಉತ್ತರ ಬಂತು. ಸೋಮವಾರ ಮಧ್ಯಾಹ್ನ ನಂಬರಿನ ಫೋಟೋ ವಾಟ್ಸಾಪ್‌ನಲ್ಲಿ ಬಂತು, ಸ್ವಲ್ಪ ಅಲುಗಾಡಿದೆ, ಆದರೆ ಓದಲು ಬರುತ್ತದೆ.